ತೇಲೀತೇ, ಮುಳುಗೀತೇ? ಅಡುಗೆಮನೆಯ ತಕ್ಕಡಿಯಿಂದ ಅಂಗಳದ ಸಂಪಿನವರೆಗೆ ಒಂದೇ ಲೆಕ್ಕ

ಬಾವಿಯಿಂದ ನೀರು ಸೇದಿದವರಿಗೆಲ್ಲ ಇದು ಗೊತ್ತು. ತುಂಬಿದ ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಹಗ್ಗ ಹಗುರ. ಕೊಡದ ಕಂಠ ನೀರಿನ ಮಟ್ಟ ದಾಟಿ ಮೇಲೆದ್ದ ಕೂಡಲೇ ಕೈ ಕೆಳಕ್ಕೆ ಜಗ್ಗುತ್ತದೆ. ಕೊಡದೊಳಗಿನ ನೀರು ಆಗಲೂ ಅಷ್ಟೇ, ಈಗಲೂ ಅಷ್ಟೇ. 3 ಕೆ.ಜಿ. ತೂಗುವ ತಾಮ್ರದ ಕೊಡ 12 ಲೀಟರ್ ನೀರು ಹಿಡಿಯುತ್ತದೆ ಎಂದುಕೊಳ್ಳಿ. ಬಾವಿಯ ನೀರಿನೊಳಗೆ ಹಗ್ಗದ ಮೇಲೆ ಬೀಳುವ ಭಾರ ಸುಮಾರು 2.7 ಕೆ.ಜಿ. ಮಾತ್ರ. ಪೂರ್ತಿ ಹೊರಬಂದಾಗ ಅದೇ 15 ಕೆ.ಜಿ. ನಡುವಿನ 12 ಕೆ.ಜಿ. ಚಿಲ್ಲರೆಯನ್ನು ಅಲ್ಲಿಯತನಕ ಹೊತ್ತಿದ್ದದ್ದು ಬಾವಿಯ ನೀರು.

ನೀರು ಎಷ್ಟು ಹೊರುತ್ತದೆ ಎಂಬುದಕ್ಕೆ ಒಂದೇ ನಿಯಮ. ವಸ್ತು ನೀರಿಗಿಳಿದಾಗ ಎಷ್ಟು ನೀರನ್ನು ಸರಿಸಿ ಜಾಗ ಮಾಡಿಕೊಳ್ಳುತ್ತದೋ, ಅಷ್ಟು ನೀರಿನ ತೂಕದಷ್ಟು ಬಲದಿಂದ ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಕ್ರಿ.ಪೂ. 3ನೇ ಶತಮಾನದಲ್ಲಿ ಸಿರಾಕ್ಯೂಸ್‌ನ ಆರ್ಕಿಮಿಡೀಸ್ ಕಂಡುಕೊಂಡದ್ದು ಇದನ್ನೇ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಪ್ಲವನ ಬಲ ಎಂಬ ಹೆಸರಿದೆ. ಇಲ್ಲಿ ಮೇಲ್ನೂಕು ಎಂದು ಕರೆಯೋಣ, ಅದು ಮಾಡುವ ಕೆಲಸ ಹೆಸರಿನಲ್ಲೇ ಇದೆ.

ಹಾಗಾಗಿ ‘ಭಾರದ್ದು ಮುಳುಗುತ್ತದೆ, ಹಗುರದ್ದು ತೇಲುತ್ತದೆ’ ಎಂಬ ಮಾತನ್ನು ಮೊದಲೇ ಬದಿಗಿಡಬೇಕು. ಹೊಲಿಗೆಯ ಸೂಜಿ ಒಂದು ಗ್ರಾಂ ಕೂಡ ತೂಗುವುದಿಲ್ಲ, ಆದರೂ ತಳ ಸೇರುತ್ತದೆ. ಟನ್ನುಗಟ್ಟಲೆ ತೂಗುವ ಸಾಗುವಾನಿ ದಿಮ್ಮಿ ಹೊಳೆಯಲ್ಲಿ ತೇಲಿಕೊಂಡು ಹೋಗುತ್ತದೆ. ಹೋಲಿಸಬೇಕಾದ್ದು ಎರಡು ತೂಕಗಳನ್ನು: ವಸ್ತುವಿನದು, ಅದು ಸರಿಸಬಲ್ಲ ನೀರಿನದು. ಕೆಳಗೆ ಬರುವುದೆಲ್ಲ ಈ ಎರಡನ್ನು ಅಳೆಯುವ, ಎಣಿಸುವ ಕೆಲಸ.

ನೀರು ಮೇಲಕ್ಕೇ ಏಕೆ ನೂಕುತ್ತದೆ?

ಪ್ರತಿ ಬದಿ 10 ಸೆಂ.ಮೀ. ಇರುವ ಒಂದು ಘನವನ್ನು ನೀರಿನೊಳಗೆ, ಅದರ ಮೇಲ್ಮುಖ 5 ಸೆಂ.ಮೀ. ಆಳದಲ್ಲಿರುವಂತೆ ಹಿಡಿದಿದ್ದೀರಿ ಎನ್ನಿ. ಒಂದು ಸೆಂ.ಮೀ. ಎತ್ತರದ ನೀರು ಪ್ರತಿ ಚದರ ಸೆಂ.ಮೀ. ಮೇಲೆ 1 ಗ್ರಾಂ ಭಾರ ಹೇರುತ್ತದೆ. ಮೇಲ್ಮುಖ 100 ಚದರ ಸೆಂ.ಮೀ., ಅದರ ಮೇಲಿರುವ ನೀರು 5 ಸೆಂ.ಮೀ. ಹಾಗಾಗಿ ಕೆಳಕ್ಕೆ ಒತ್ತುವುದು 500 ಗ್ರಾಂ. ತಳಮುಖ 15 ಸೆಂ.ಮೀ. ಆಳದಲ್ಲಿದೆ, ಅಲ್ಲಿ ನೀರು ಮೇಲಕ್ಕೆ ಒತ್ತುವುದು 1500 ಗ್ರಾಂ. ಎಡಬಲದ ಒತ್ತಡಗಳು ಒಂದನ್ನೊಂದು ಕಳೆದುಕೊಳ್ಳುತ್ತವೆ. ಉಳಿದದ್ದು ಮೇಲ್ಮುಖವಾದ 1000 ಗ್ರಾಂ. ಆ ಘನ ಆಕ್ರಮಿಸಿದ ಜಾಗ ಸರಿಯಾಗಿ ಒಂದು ಲೀಟರ್, ಒಂದು ಲೀಟರ್ ನೀರಿನ ತೂಕವೂ 1000 ಗ್ರಾಂ.

ಅದನ್ನೇ 5 ಮೀಟರ್ ಆಳಕ್ಕೆ ಒಯ್ದರೂ ಮೇಲಿನ ಒತ್ತಡ ಮತ್ತು ಕೆಳಗಿನ ಒತ್ತಡ ಎರಡೂ ಒಂದೇ ಪ್ರಮಾಣದಲ್ಲಿ ಏರುತ್ತವೆ, ವ್ಯತ್ಯಾಸ ಅದೇ 1000 ಗ್ರಾಂ. ‘ಆಳ ಹೆಚ್ಚಿದಷ್ಟೂ ಹೆಚ್ಚು ತೇಲಿಸುತ್ತದೆ’ ಎಂಬ ನಂಬಿಕೆ ಇಲ್ಲಿ ಬಿದ್ದುಹೋಗುತ್ತದೆ. ಇನ್ನೊಂದು ಮಾತು ಕೂಡ ಇದರಿಂದಲೇ ತಿಳಿಯುತ್ತದೆ. ಮೇಲ್ನೂಕು ಬರುವುದು ತಳಭಾಗಕ್ಕೆ ನೀರು ತಾಗಿದಾಗ. ಕೆಸರಿನಲ್ಲಿ ಹೂತ ದೋಣಿ ಸುತ್ತ ನೀರೇರಿದರೂ ಏಳದೆ ಕೂರುವುದು ಇದಕ್ಕೇ. ಅದನ್ನು ಅತ್ತಿತ್ತ ಅಲುಗಿಸಿ ಅಡಿಗೆ ನೀರು ನುಗ್ಗುವಂತೆ ಮಾಡಿದರೆ ತಾನೇ ಏಳುತ್ತದೆ.

ತಕ್ಕಡಿಯಲ್ಲಿ ಮೇಲ್ನೂಕನ್ನು ಹಿಡಿಯುವುದು

ತುಂಬಿದ ಪಾತ್ರೆಯಿಂದ ತುಳುಕಿದ ನೀರನ್ನು ಅಳೆಯುವ ಪ್ರಯೋಗ ಶಾಲೆಗಳಲ್ಲಿ ನಡೆಯುತ್ತದೆ. ಚಿಕ್ಕ ವಸ್ತುಗಳಿಗೆ ಅದು ಒಳ್ಳೆಯ ವಿಧಾನವಲ್ಲ. ಪಾತ್ರೆಯ ಅಂಚಿನಲ್ಲಿ ನೀರು ಉಬ್ಬಿ ನಿಲ್ಲುತ್ತದೆ, ಕೆಲವು ಮಿ.ಲೀ. ತುಳುಕದೆಯೇ ಉಳಿಯುತ್ತದೆ, ಒಂದಿಷ್ಟು ಪಾತ್ರೆಯ ಹೊರಮೈಗೆ ಅಂಟಿಕೊಳ್ಳುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಆ ಗೋಜೇ ಬೇಡ. 5 ಕೆ.ಜಿ. ತನಕ ತೂಗುವ, 1 ಗ್ರಾಂ ತೋರಿಸುವ ತಕ್ಕಡಿ ಸಾಕು.

1. ಒಂದೂವರೆ ಲೀಟರ್ ಹಿಡಿಯುವ ಅಗಲ ಬಾಯಿಯ ಪಾತ್ರೆಗೆ ಮೂರನೇ ಎರಡರಷ್ಟು ನೀರು ಹಾಕಿ ತಕ್ಕಡಿಯ ಮೇಲಿಡಿ. ಅಂಕಿಯನ್ನು ಸೊನ್ನೆಗೆ ತನ್ನಿ.

2. ಅಳೆಯಬೇಕಾದ ವಸ್ತುವಿಗೆ ತೆಳುವಾದ ನೂಲು ಕಟ್ಟಿ. ತಕ್ಕಡಿಯ ಎರಡೂ ಪಕ್ಕ ಪುಸ್ತಕಗಳನ್ನು ಎತ್ತರಕ್ಕೆ ಪೇರಿಸಿ, ಅವುಗಳ ಮೇಲೆ ಮರದ ಸೌಟನ್ನು ಅಡ್ಡ ಇಟ್ಟು ನೂಲನ್ನು ಅದಕ್ಕೆ ಸುತ್ತಿ. ಕೈಯಲ್ಲಿ ಹಿಡಿದರೆ ನಡುಕದಿಂದ ಅಂಕಿ ನಿಲ್ಲುವುದಿಲ್ಲ.

3. ವಸ್ತು ಪೂರ್ತಿ ಮುಳುಗಿರಲಿ, ಆದರೆ ತಳಕ್ಕೂ ಪಕ್ಕಕ್ಕೂ ತಾಗದಿರಲಿ. ಈಗ ತಕ್ಕಡಿ ತೋರಿಸುವ ಅಂಕಿಯನ್ನು ಬರೆದುಕೊಳ್ಳಿ. ಇದು ಮೊದಲ ಅಂಕಿ.

4. ನೂಲು ಸಡಿಲಿಸಿ ವಸ್ತುವನ್ನು ತಳಕ್ಕೆ ಇಳಿಸಿ. ಈಗಿನದು ಎರಡನೇ ಅಂಕಿ.

ಎರಡನೆಯದು ವಸ್ತುವಿನ ತೂಕ. ಮೊದಲನೆಯದು ಮೇಲ್ನೂಕು. ನೀರು ವಸ್ತುವನ್ನು ಎಷ್ಟು ಬಲದಿಂದ ಮೇಲಕ್ಕೆ ನೂಕುತ್ತದೋ, ವಸ್ತು ಅಷ್ಟೇ ಬಲದಿಂದ ನೀರನ್ನು ಕೆಳಕ್ಕೆ ಒತ್ತುತ್ತದೆ. ತಕ್ಕಡಿಗೆ ಸಿಗುವುದು ಆ ಒತ್ತು, ಉಳಿದ ಭಾರವೆಲ್ಲ ನೂಲಿನದು. ಒಂದು ಗ್ರಾಂ ನೀರು ಒಂದು ಮಿ.ಲೀ. ಜಾಗ ಹಿಡಿಯುವುದರಿಂದ ಮೊದಲ ಅಂಕಿಯೇ ವಸ್ತುವಿನ ಗಾತ್ರ ಕೂಡ, ಮಿ.ಲೀ. ಲೆಕ್ಕದಲ್ಲಿ. 30 ಡಿಗ್ರಿ ಸೆಕೆಯಲ್ಲಿ ನೀರಿನ ಸಾಂದ್ರತೆ, ಅಂದರೆ ಒಂದು ಮಿ.ಲೀ. ನೀರಿನ ತೂಕ, 0.996 ಗ್ರಾಂಗೆ ಇಳಿದಿರುತ್ತದೆ, ಮನೆಯ ಅಳತೆಯಲ್ಲಿ ಅದನ್ನು ಮರೆತರೆ ನಷ್ಟವಿಲ್ಲ.

ಎರಡನೇ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ. ಬರುವುದು ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ವಸ್ತು ಎಷ್ಟು ಪಟ್ಟು ಭಾರ ಎಂಬ ಸಂಖ್ಯೆ. ಹಳೆಯ ಅಂಗಡಿಯ ಅರ್ಧ ಕಿಲೋ ಎರಕದ ಬಟ್ಟು ನೂಲಿನಲ್ಲಿ ತೂಗಿದಾಗ ಸುಮಾರು 69 ತೋರಿಸಿದರೆ, 500ನ್ನು 69ರಿಂದ ಭಾಗಿಸಿ 7.2. ಎರಕದ ಕಬ್ಬಿಣದ ಸಾಂದ್ರತೆ ಅದೇ. 150 ಗ್ರಾಂ ಆಲೂಗಡ್ಡೆ 139ರ ಆಸುಪಾಸು ತೋರಿಸುತ್ತದೆ, ಅಂದರೆ 1.08. ಒಳಕಲ್ಲಿನ ಜಾತಿಯ ಗ್ರಾನೈಟ್ ಚೂರು 2.7ರ ಹತ್ತಿರ. ಹಿತ್ತಾಳೆ 8.4ರಿಂದ 8.7, ಅಲ್ಯೂಮಿನಿಯಂ 2.7. ಒಂದಕ್ಕಿಂತ ದೊಡ್ಡ ಸಂಖ್ಯೆ ಬಂದದ್ದೆಲ್ಲ ಸಿಹಿನೀರಿನಲ್ಲಿ ಮುಳುಗುವಂಥದ್ದು.

ಲೆಕ್ಕ ತಪ್ಪಿದರೆ ಮೊದಲು ಗಾಳಿಗುಳ್ಳೆಗಳನ್ನು ಹುಡುಕಿ. ಒರಟು ಮೈಯ ವಸ್ತುವಿಗೆ ಅಂಟಿದ ಗುಳ್ಳೆಗಳು ಗಾತ್ರವನ್ನು ಹೆಚ್ಚಾಗಿ ತೋರಿಸುತ್ತವೆ. ವಸ್ತುವನ್ನು ಮುಂಚೆಯೇ ಒದ್ದೆ ಕೈಯಿಂದ ಉಜ್ಜಿ, ಇಲ್ಲವೇ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಡಿ. ಎರಡನೆಯದು, ಬಹಳ ಚಿಕ್ಕ ವಸ್ತುವನ್ನು ಆರಿಸುವುದು. 1 ಗ್ರಾಂ ತೋರಿಸುವ ತಕ್ಕಡಿಯಲ್ಲಿ 5 ಮಿ.ಲೀ. ಗಾತ್ರದ ಉಂಗುರವನ್ನು ಅಳೆದರೆ ಉತ್ತರ ಶೇ. 10ರಷ್ಟು ಅತ್ತಿತ್ತ ಹೋಗುತ್ತದೆ. ಗಾತ್ರ 50 ಮಿ.ಲೀ. ಮೇಲಿರಲಿ. ನಿಮ್ಮ ಬೆರಳೂ ನೀರಿನಲ್ಲಿರಬಾರದು. ಎರಡು ಬೆರಳು ಮುಳುಗಿದರೆ 20 ಗ್ರಾಂ ಹೆಚ್ಚು ಕಾಣುವುದು ಖಂಡಿತ. ಮಕ್ಕಳಿಗೆ ತೋರಿಸಲು ಇದೇ ಚೆನ್ನಾದ ಮೊದಲ ಪಾಠ ಕೂಡ: ಪಾತ್ರೆಗೆ ತಾಗಿಸದೆ ಬೆರಳನ್ನು ನೀರಿಗೆ ಇಳಿಸಲು ಹೇಳಿ, ಅಂಕಿ ಏರುವುದನ್ನು ನೋಡಲಿ.

ಚಿನ್ನವನ್ನು ಹೀಗೆ ಪರೀಕ್ಷಿಸಬಹುದೇ ಎಂದು ಕೇಳುವವರು ಬಹಳ. ಶುದ್ಧ ಚಿನ್ನ 19.3, ಬೆಳ್ಳಿ 10.5, ತಾಮ್ರ 8.96. 22 ಕ್ಯಾರಟ್ ಚಿನ್ನ, ಬೆರೆಸಿದ ಲೋಹಕ್ಕೆ ತಕ್ಕಂತೆ 17.5ರಿಂದ 17.9ರ ನಡುವೆ. 20 ಗ್ರಾಂ ಬಳೆ ಸರಿಸುವ ನೀರು 1.13 ಗ್ರಾಂ ಅಷ್ಟೇ, ಆದ್ದರಿಂದ 0.01 ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಟೊಳ್ಳು ಬಳೆ, ಅರಗು ತುಂಬಿದ ಒಡವೆ, ಕಲ್ಲು ಕೂರಿಸಿದ ಒಡವೆ ಇವಕ್ಕೆ ಈ ವಿಧಾನ ನಡೆಯುವುದಿಲ್ಲ. ಟಂಗ್‌ಸ್ಟನ್‌ನ ಸಾಂದ್ರತೆ ಚಿನ್ನದ್ದಕ್ಕೆ ತೀರ ಹತ್ತಿರವಿರುವುದರಿಂದ ಅದನ್ನು ಒಳಗಿಟ್ಟು ಮಾಡಿದ ಮೋಸವೂ ಹಿಡಿಯಲಾಗದು. ಸಂಖ್ಯೆ ಕಡಿಮೆ ಬಂದರೆ ಸಂಶಯ ಪಡಲು ಕಾರಣವಿದೆ. ಸರಿಯಾಗಿ ಬಂದರೆ ಅದೊಂದರ ಮೇಲೇ ನಂಬಿಕೆ ಇಡಬೇಡಿ.

ತೇಲುವ ವಸ್ತುವಿನ ಲೆಕ್ಕ

ಮರದ ತುಂಡನ್ನು ಅದೇ ಪಾತ್ರೆಯಲ್ಲಿ ತೇಲಬಿಡಿ. ತಕ್ಕಡಿ ಅದರ ತೂಕವನ್ನು ತೋರಿಸುತ್ತದೆ, 65 ಗ್ರಾಂ ಎನ್ನಿ. ಈಗ ಉದ್ದನೆಯ ಸೂಜಿಯ ಮೊನೆಯಿಂದ ಮೆಲ್ಲಗೆ ಒತ್ತಿ, ಅದು ಪೂರ್ತಿ ಮುಳುಗುವವರೆಗೆ. ಅಂಕಿ 100ಕ್ಕೆ ಏರಿತು. ತೂಕ 65, ಗಾತ್ರ 100, ಸಾಂದ್ರತೆ 0.65. ಸಾಗುವಾನಿಗೆ ಹತ್ತಿರದ ಸಂಖ್ಯೆ. ಸೂಜಿ ತೆಗೆದು ಮತ್ತೆ ತೇಲಬಿಟ್ಟರೆ ಅದರ ಶೇ. 65 ನೀರಿನೊಳಗೆ, ಶೇ. 35 ಹೊರಗೆ. ತೇಲುವ ವಸ್ತು ಎಷ್ಟು ಮುಳುಗಿದೆ ಎಂಬುದು ಅದರ ಸಾಂದ್ರತೆಯನ್ನು ಬಯಲಾಗಿ ಹೇಳುತ್ತಿರುತ್ತದೆ. ಮಂಜುಗಡ್ಡೆಯ ಸಾಂದ್ರತೆ 0.917, ಹಾಗಾಗಿ ಅದರ ಹನ್ನೆರಡನೇ ಒಂದು ಪಾಲು ಮಾತ್ರ ಮೇಲೆ ಕಾಣುತ್ತದೆ. ಮರ ನೀರು ಕುಡಿಯುತ್ತದೆ ಎಂಬುದು ನೆನಪಿರಲಿ. ಅಳತೆ ಒಂದೆರಡು ನಿಮಿಷದಲ್ಲಿ ಮುಗಿಸಿ, ಇಲ್ಲವೇ ತುಂಡಿಗೆ ಮೇಣ ಸವರಿ.

ಅಡುಗೆಮನೆಯಲ್ಲಿ ಈ ಲೆಕ್ಕವನ್ನು ಹೆಂಗಸರು ತಲೆಮಾರುಗಳಿಂದ ಮಾಡುತ್ತಲೇ ಬಂದಿದ್ದಾರೆ. ರುಬ್ಬಿದ ಉದ್ದಿನ ಹಿಟ್ಟಿನ ಒಂದು ಚಿಟಿಕೆಯನ್ನು ನೀರಿನ ಬಟ್ಟಲಿಗೆ ಬಿಟ್ಟು ನೋಡುವುದುಂಟು. ತೇಲಿದರೆ ವಡೆಗೆ ಹದ ಬಂತು. ತೇಲುವುದು ಉದ್ದಿನ ಗುಣದಿಂದಲ್ಲ, ರುಬ್ಬುವಾಗ ಸೇರಿ ಅಂಟಿನಲ್ಲಿ ಸಿಕ್ಕಿಕೊಂಡ ಗಾಳಿಯಿಂದ. ಮುಳುಗಿತೆಂದರೆ ಗಾಳಿ ಸಾಲದು, ನೀರು ಹೆಚ್ಚಾಗಿದೆ ಅಥವಾ ಇನ್ನೂ ರುಬ್ಬಬೇಕು. ಅದೇ ವಡೆಯನ್ನು ಕಾದ ಎಣ್ಣೆಗೆ ಬಿಟ್ಟಾಗ ಎಣ್ಣೆ ನೀರಿಗಿಂತ ಹಗುರವಾದ್ದರಿಂದ ಒಂದು ಕ್ಷಣ ಕೆಳಗಿಳಿಯುತ್ತದೆ. ಒಳಗಿನ ನೀರು ಆವಿಯಾಗಿ ಉಬ್ಬಿದೊಡನೆ ಗಾತ್ರ ಹಿಗ್ಗಿ ಮೇಲೆ ಬರುತ್ತದೆ. ಮೇಲೇಳದೆ ತಳದಲ್ಲೇ ಕೂತರೆ ಎಣ್ಣೆ ಕಾದಿಲ್ಲ. ಕಿತ್ತಳೆ ಸಿಪ್ಪೆ ಸಮೇತ ತೇಲುತ್ತದೆ, ಸುಲಿದರೆ ಮುಳುಗುತ್ತದೆ. ಸಿಪ್ಪೆಯ ಬಿಳಿ ಪದರದ ತುಂಬ ಗಾಳಿ. ತೂಕ ಕಡಿಮೆಯಾದ ಮೇಲೆ ಮುಳುಗುವ ಇಂಥ ಉದಾಹರಣೆ ಮಕ್ಕಳ ತಲೆಯಲ್ಲಿ ಬಹುಕಾಲ ಉಳಿಯುತ್ತದೆ.

ಲೋಹ ತೇಲುವ ಬಗೆ

ಅಡುಗೆಯ ಅಲ್ಯೂಮಿನಿಯಂ ಹಾಳೆಯಲ್ಲಿ 16 ಸೆಂ.ಮೀ. ಚೌಕ ಕತ್ತರಿಸಿ. ಅದನ್ನು ಮಡಚಿ, ಸುತ್ತಿಗೆಯಿಂದ ಬಡಿದು ಗಟ್ಟಿ ಉಂಡೆ ಮಾಡಿದರೆ ಮುಳುಗುತ್ತದೆ. ಕೈಯಲ್ಲಿ ಸುಮ್ಮನೆ ಮುದುಡಿದರೆ ಒಳಗೆ ಗಾಳಿ ಉಳಿದು ತೇಲುತ್ತದೆ, ಹಲವರ ಪ್ರಯೋಗ ಇಲ್ಲೇ ಕೆಡುವುದು. ಇನ್ನೊಂದು ಚೌಕದ ನಾಲ್ಕೂ ಅಂಚನ್ನು 3 ಸೆಂ.ಮೀ. ಮೇಲಕ್ಕೆ ಮಡಿಸಿ, ಮೂಲೆಗಳನ್ನು ಕತ್ತರಿಸದೆ ಒಳಕ್ಕೆ ಮಡಚಿ ಒತ್ತಿ. 10 ಸೆಂ.ಮೀ. ಚೌಕ ತಳದ ದೋಣಿ ಸಿದ್ಧ. ಹಾಳೆಯ ತೂಕ ಒಂದು ಗ್ರಾಂ ಒಳಗೇ.

ತಳ 100 ಚದರ ಸೆಂ.ಮೀ. ದೋಣಿ ಒಂದು ಸೆಂ.ಮೀ. ಇಳಿದರೆ 100 ಮಿ.ಲೀ. ನೀರು ಸರಿಯುತ್ತದೆ, 100 ಗ್ರಾಂ ಹೊರಬಲ್ಲದು. 10 ರೂಪಾಯಿ ನಾಣ್ಯ ಸುಮಾರು 7.7 ಗ್ರಾಂ. ಹದಿಮೂರು ನಾಣ್ಯಕ್ಕೆ ಒಂದು ಸೆಂ.ಮೀ., ಮೂವತ್ತೊಂಬತ್ತಕ್ಕೆ ಅಂಚು ನೀರಿಗೆ ಸಮ. ಕಾಗದದ ಮೇಲೆ ಹೀಗೆ. ಮಾಡಿ ನೋಡಿದರೆ ಅಷ್ಟು ಹಿಡಿಯುವುದು ಅಪರೂಪ. ಗೋಡೆ ಒಳಕ್ಕೆ ಬಾಗಿ ಗಾತ್ರ ಕುಗ್ಗುತ್ತದೆ, ನಾಣ್ಯಗಳ ರಾಶಿ ಒಂದು ಪಕ್ಕಕ್ಕಾಗಿ ಆ ಕಡೆಯ ಅಂಚು ಬೇಗ ನೀರು ಮುಟ್ಟುತ್ತದೆ. ನಾಣ್ಯಗಳನ್ನು ನಡುವಿನಿಂದ ಆರಂಭಿಸಿ ಸುತ್ತಲೂ ಒಂದೇ ಪದರವಾಗಿ ಹರಡಿ, ಅಂಚನ್ನು ಎರಡು ಪದರ ಮಡಚಿ ಬಿಗಿಮಾಡಿ. ಹೆಚ್ಚುವರಿ ನಾಣ್ಯಗಳು ಸಿಗುವುದು ಈ ಎರಡು ಕೆಲಸದಿಂದ.

ಇದೇ ಲೆಕ್ಕ ಹಂಪಿಯ ತುಂಗಭದ್ರೆಯಲ್ಲಿ ಸಾಗುವ ಹರಿಗೋಲಿಗೂ ಹೊಂದುತ್ತದೆ. ಬಿದಿರಿನ ಹೆಣಿಗೆಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ತಳದ ಅಡ್ಡಳತೆ 2 ಮೀಟರ್ ಇದ್ದರೆ ಒಂದೊಂದು ಸೆಂ.ಮೀ. ಇಳಿದಾಗಲೂ ಸುಮಾರು 31 ಕೆ.ಜಿ. ಹೊರುತ್ತದೆ. 60 ಕೆ.ಜಿ. ಮನುಷ್ಯ ಹತ್ತಿದರೆ ಎರಡು ಸೆಂ.ಮೀ. ಇಳಿಯುತ್ತದೆ. ಹತ್ತು ಜನರ ಭಾರಕ್ಕೂ 20 ಸೆಂ.ಮೀ.ಗಿಂತ ಕಡಿಮೆ. ಚಪ್ಪಟೆ ತಳವಾದ್ದರಿಂದಲೇ ಬಂಡೆ ತುಂಬಿದ ತೆಳು ನೀರಿನಲ್ಲೂ ಅದು ಸಾಗಬಲ್ಲದು. ಅದರ ಅಪಾಯ ಬೇರೆ ಕಡೆಯಿದೆ: ಎಲ್ಲರೂ ಒಂದೇ ಪಕ್ಕಕ್ಕೆ ವಾಲಿದರೆ ಆ ಪಕ್ಕದ ಅಂಚು ಉಳಿದಿರುವ ಎತ್ತರವನ್ನು ಕ್ಷಣದಲ್ಲಿ ಕಳೆದುಕೊಳ್ಳುತ್ತದೆ.

ಉಪ್ಪುನೀರು, ಮೊಟ್ಟೆ, ಬಿತ್ತನೆ ಭತ್ತ

ಸರಿಸಿದ ನೀರು ಅಷ್ಟೇ ಇದ್ದರೂ ಅದರ ತೂಕ ಹೆಚ್ಚಿಸಬಹುದು, ಉಪ್ಪು ಬೆರೆಸಿ. ಸಮುದ್ರದ ನೀರು ಸಿಹಿನೀರಿಗಿಂತ ಶೇ. 2.5ರಷ್ಟು ಭಾರ. ಕಡಲಿನಲ್ಲಿ 10 ಮೀಟರ್ ಮುಳುಗಿ ಸಾಗುವ ಹಡಗು ನದಿಯ ಸಿಹಿನೀರಿಗೆ ಬಂದರೆ ಇನ್ನೂ ಸುಮಾರು 25 ಸೆಂ.ಮೀ. ಇಳಿಯುತ್ತದೆ. 1876ರ ಬ್ರಿಟಿಷ್ ಕಾನೂನಿನ ಬಳಿಕ ಹಡಗಿನ ಪಕ್ಕದಲ್ಲಿ ಕಡ್ಡಾಯವಾದ ಪ್ಲಿಮ್‌ಸಾಲ್ ಗುರುತಿನ (ಭಾರ ಹೇರಿದ ಹಡಗು ಎಲ್ಲಿಯತನಕ ಮುಳುಗಬಹುದು ಎಂಬ ಮಿತಿಗೆರೆ) ಜೊತೆ ಇಂದು ಸಿಹಿನೀರಿಗೆಂದೇ ಬೇರೆ ಗೆರೆ ಇರುವುದು ಈ ಕಾರಣಕ್ಕೆ.

ರೈತರಿಗೆ ಇದರ ನೇರ ಉಪಯೋಗ ಬಿತ್ತನೆ ಭತ್ತ ಆರಿಸುವಲ್ಲಿದೆ. ಸಾದಾ ನೀರಿಗೆ ಹಾಕಿದರೆ ಪೂರ್ತಿ ಜೊಳ್ಳು ಮಾತ್ರ ತೇಲುತ್ತದೆ, ಅರೆ ತುಂಬಿದ ಕಾಳು ಗಟ್ಟಿಕಾಳಿನ ಜೊತೆ ತಳ ಸೇರುತ್ತದೆ. ಅರೆಗಾಳು ಮೊಳೆತರೂ ಸಸಿ ಬಡಕಲು. ಅದನ್ನು ಬೇರ್ಪಡಿಸಲು ನೀರನ್ನು ಅರೆಗಾಳಿಗಿಂತ ಭಾರ, ಗಟ್ಟಿಕಾಳಿಗಿಂತ ಹಗುರ ಮಾಡಬೇಕು.

10 ಲೀಟರ್ ನೀರಿಗೆ ಸುಮಾರು ಒಂದೂವರೆ ಕೆ.ಜಿ. ಉಪ್ಪು ಕರಗಿಸಿ. ಸಾಂದ್ರತೆ 1.09ರ ಹತ್ತಿರ ಬರುತ್ತದೆ. ಕಲ್ಲುಪ್ಪಿನಲ್ಲಿ ತೇವ ಇರುವುದರಿಂದ ತೂಕವನ್ನೇ ನಂಬಿ ಕೂರುವಂತಿಲ್ಲ, ತೀರ್ಪು ಕೊಡುವುದು ಕೋಳಿಮೊಟ್ಟೆ. ಸಾದಾ ನೀರಿನಲ್ಲಿ ತಳದಲ್ಲಿ ಅಡ್ಡ ಮಲಗುವ ಮೊಟ್ಟೆ ಉಪ್ಪು ಏರಿದಂತೆ ಎದ್ದು, ಕೊನೆಗೆ ಮೇಲೆ ಬಂದು ಒಂದು ನಾಣ್ಯದಷ್ಟು ಅಗಲ ಹೊರಗೆ ಕಾಣಿಸಬೇಕು. ಆಗ ಉಪ್ಪು ನಿಲ್ಲಿಸಿ. ಮೊಟ್ಟೆ ಆ ದಿನದ್ದೋ ಹಿಂದಿನ ದಿನದ್ದೋ ಆಗಿರಲಿ. ಇಟ್ಟ ಮೊಟ್ಟೆ ಚಿಪ್ಪಿನ ರಂಧ್ರಗಳ ಮೂಲಕ ತೇವ ಕಳೆದುಕೊಳ್ಳುತ್ತ ಹೋಗುತ್ತದೆ. ಗಾತ್ರ ಅಷ್ಟೇ, ತೂಕ ಕಡಿಮೆ. ವಾರಗಟ್ಟಲೆ ಹಳೆಯದಾದರೆ ಸಾದಾ ನೀರಿನಲ್ಲೇ ತೇಲುತ್ತದೆ. ಅಂಥ ಮೊಟ್ಟೆಯಿಂದ ಅಳೆದರೆ ಉಪ್ಪು ಸಾಲದೆ ಅರೆಗಾಳೆಲ್ಲ ಮುಳುಗಿ ಕೆಲಸ ಕೆಡುತ್ತದೆ.

ಮೊಟ್ಟೆ ಮುಟ್ಟದ ಮನೆಗಳಿಗೆ ಸ್ಟ್ರಾ ಸಾಕು. ದಪ್ಪ ಪ್ಲಾಸ್ಟಿಕ್ ಸ್ಟ್ರಾದ ಒಂದು ತುದಿಯನ್ನು ಮೇಣದಿಂದ ಮುಚ್ಚಿ, ಒಳಗೆ ಸೈಕಲ್ ಬೇರಿಂಗಿನ ಚಿಕ್ಕ ಗುಂಡುಗಳನ್ನು ಒಂದೊಂದಾಗಿ ಹಾಕುತ್ತ ಸಾದಾ ನೀರಿನಲ್ಲಿ ಸರಿಯಾಗಿ 12 ಸೆಂ.ಮೀ. ಮುಳುಗಿ ನೆಟ್ಟಗೆ ನಿಲ್ಲುವಂತೆ ಮಾಡಿ. ತುದಿಯಿಂದ 11 ಸೆಂ.ಮೀ. ಎತ್ತರದಲ್ಲಿ ಗೆರೆ ಎಳೆಯಿರಿ. ಉಪ್ಪುನೀರಿನಲ್ಲಿ ಆ ಗೆರೆಯ ತನಕ ಮಾತ್ರ ಮುಳುಗಿದರೆ ಸಾಂದ್ರತೆ 12ನ್ನು 11ರಿಂದ ಭಾಗಿಸಿದಷ್ಟು, ಅಂದರೆ 1.09. ಹಾಲಿನ ಲ್ಯಾಕ್ಟೋಮೀಟರ್, ಬ್ಯಾಟರಿ ಅಂಗಡಿಯವರ ಆಸಿಡ್ ಮಾಪಕ ಎಲ್ಲವೂ ಇದೇ ಜಾತಿ. ಸ್ಟ್ರಾ ಓರೆಯಾಗಿ ನಿಂತರೆ ಗುಂಡುಗಳು ಸಾಲದು ಎಂದರ್ಥ.

ಈಗ ಭತ್ತ. ಒಂದು ಸಲಕ್ಕೆ ನಾಲ್ಕೈದು ಕೆ.ಜಿ. ಸುರಿದು ಕೈಯಿಂದ ಚೆನ್ನಾಗಿ ಕಲಕಿ. ಕಲಕದಿದ್ದರೆ ಸಿಪ್ಪೆಯ ರೋಮಗಳಿಗೆ ಅಂಟಿದ ಗುಳ್ಳೆಗಳು ಗಟ್ಟಿಕಾಳನ್ನೂ ತೇಲಿಸಿಬಿಡುತ್ತವೆ. ತೇಲಿದ್ದನ್ನು ಜರಡಿಯಿಂದ ತೆಗೆದು, ಮುಳುಗಿದ್ದನ್ನು ತಡಮಾಡದೆ ಬಸಿಯಿರಿ. ಹತ್ತಿಪ್ಪತ್ತು ನಿಮಿಷ ಬಿಟ್ಟರೆ ಅರೆಗಾಳು ನೀರು ಕುಡಿದು ತಾನೂ ಕೆಳಗಿಳಿಯುತ್ತದೆ. ಬಸಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಲೇಬೇಕು, ಉಪ್ಪು ಉಳಿದರೆ ಮೊಳಕೆ ಸಾಯುತ್ತದೆ. ಮುಂದಿನ ಕಂತಿಗೆ ಮೊದಲು ಮೊಟ್ಟೆಯನ್ನೋ ಸ್ಟ್ರಾವನ್ನೋ ಮತ್ತೆ ಬಿಟ್ಟು ನೋಡಿ. ಬೀಜದ ಜೊತೆ ಉಪ್ಪುನೀರು ಹೋಗುತ್ತಿರುತ್ತದೆ, ಸಾದಾ ನೀರು ಸೇರಿಸಿದರೆ ಉಪ್ಪನ್ನೂ ಸೇರಿಸಬೇಕು. ಔಷಧಿ ಲೇಪಿಸಿ ಬಂದ ಬೀಜಕ್ಕೆ ಇದನ್ನು ಮಾಡಬೇಡಿ. ಲೇಪ ತೊಳೆದುಹೋಗುತ್ತದೆ, ತೇಲಿದ ಕಾಳನ್ನು ಕೋಳಿಗೆ ಹಾಕಿದರೆ ವಿಷವಾಗುತ್ತದೆ.

ಡ್ರಮ್ಮಿನ ತೆಪ್ಪ ಕಟ್ಟುವವರಿಗೆ

ಕೆರೆಯಲ್ಲಿ ಪಂಪು ಇಡಲು, ಮೀನಿನ ಬಲೆಗೆ, ಊರ ಪುಷ್ಕರಣಿಯ ತೆಪ್ಪೋತ್ಸವಕ್ಕೆ 200 ಲೀಟರ್ ಡ್ರಮ್ಮುಗಳ ತೆಪ್ಪ ಕಟ್ಟುವುದುಂಟು. ‘ಎಂಟು ಡ್ರಮ್ಮು, 1600 ಕೆ.ಜಿ. ಹೊರುತ್ತದೆ’ ಎಂಬ ಬಾಯಿಲೆಕ್ಕ ಅಪಾಯದ್ದು. 1600 ಎನ್ನುವುದು ಡ್ರಮ್ಮುಗಳು ಪೂರ್ತಿ ನೀರಡಿ ಹೋದಾಗಿನ ಮೇಲ್ನೂಕು, ಅಂದರೆ ಹಲಗೆಯ ಮೇಲೆ ನೀರು ಬರುವ ಹೊತ್ತು.

ಅರ್ಧ ಮುಳುಗುವಿಕೆಯನ್ನೇ ಮಿತಿ ಎಂದಿಟ್ಟುಕೊಳ್ಳಿ. ಅಡ್ಡ ಮಲಗಿದ ಡ್ರಮ್ಮು ನೀರಿನ ಮಟ್ಟದಲ್ಲಿ ಅತಿ ಅಗಲವಾಗಿರುವುದು ಅರ್ಧ ಮುಳುಗಿದಾಗ. ಅಲ್ಲಿಂದ ಮುಂದೆ ಅಗಲ ಕಿರಿದಾಗುತ್ತ, ಹೇರಿದ ಪ್ರತಿ ಕಿಲೋಗೂ ತೆಪ್ಪ ಹೆಚ್ಚು ಹೆಚ್ಚು ಇಳಿಯುತ್ತದೆ, ವಾಲಿದಾಗ ಮತ್ತೆ ನೆಟ್ಟಗಾಗುವ ಶಕ್ತಿಯೂ ಕುಂದುತ್ತದೆ. ಅರ್ಧ ಮುಳುಗಿದ ಎಂಟು ಡ್ರಮ್ಮು ಸರಿಸುವುದು 800 ಲೀಟರ್. ಅದರಲ್ಲಿ ಪ್ಲಾಸ್ಟಿಕ್ ಡ್ರಮ್ಮುಗಳ ತೂಕ ತಲಾ 9ರಂತೆ 72 ಕೆ.ಜಿ. ಕಳೆಯಿರಿ. ಬಿದಿರು, ಹಲಗೆ, ಹಗ್ಗಕ್ಕೆ 150 ಕಳೆಯಿರಿ. ಉಳಿದದ್ದು 578. ತಲಾ 65 ಕೆ.ಜಿ.ಯ ಎಂಟು ಜನ, ಜೊತೆಗೆ ಅಲಂಕಾರದ ಒಂದಿಷ್ಟು ಸಾಮಾನು. ಒಂಬತ್ತನೆಯವರನ್ನು ದಡದಲ್ಲೇ ನಿಲ್ಲಿಸಿ.

ಡ್ರಮ್ಮುಗಳನ್ನು ನಡುವೆ ಒತ್ತಾಗಿ ಕಟ್ಟಬೇಡಿ, ಹೊರ ಅಂಚಿಗೆ ಸರಿಸಿ. ಜನ ಒಂದು ಪಕ್ಕಕ್ಕೆ ಬಂದಾಗ ಆ ಪಕ್ಕದ ಡ್ರಮ್ಮು ಇನ್ನಷ್ಟು ಮುಳುಗಿ ಹೆಚ್ಚು ನೂಕಬೇಕು, ಅದು ನಡುವಿನಿಂದ ದೂರವಿದ್ದಷ್ಟೂ ಆ ನೂಕಿಗೆ ಹಿಡಿತ ಜಾಸ್ತಿ. ಉತ್ಸವಮೂರ್ತಿಯ ಮಂಟಪ ಎತ್ತರವಾಗಿದ್ದರೆ ತೆಪ್ಪದ ಅಗಲವೂ ಹಿಗ್ಗಲಿ. ಬಿರಡೆಗಳು ಮೇಲ್ಮುಖವಾಗಿರಲಿ, ವಾಷರ್ ಹೊಸದಿರಲಿ. ಬಿಸಿಲಿನಲ್ಲಿ ಕಾದ ಡ್ರಮ್ಮು ನೀರಿಗಿಳಿದು ತಣಿದಾಗ ಒಳಗಿನ ಗಾಳಿ ಕುಗ್ಗಿ ಸಣ್ಣ ಸಂದಿನಿಂದಲೂ ನೀರು ಹೀರಿಕೊಳ್ಳುತ್ತದೆ. ನೂರು ಲೀಟರ್ ಒಳಗೆ ಸೇರಿತೆಂದರೆ ಆ ಮೂಲೆ ನೂರು ಕಿಲೋ ಶಕ್ತಿ ಕಳೆದುಕೊಂಡಂತೆ. ಸಾಗಿಸುವ ಮುನ್ನ ಒಂದು ರಾತ್ರಿ ಖಾಲಿ ತೆಪ್ಪವನ್ನು ನೀರಿನಲ್ಲಿ ಬಿಟ್ಟು, ಬೆಳಿಗ್ಗೆ ಎಲ್ಲ ಮೂಲೆಗಳ ಎತ್ತರ ಒಂದೇ ಇದೆಯೇ ಎಂದು ನೋಡಿ.

ಲಂಗರಿಗೆ ಕಲ್ಲು ಕಟ್ಟುವಾಗಲೂ ನೀರು ತನ್ನ ಪಾಲು ಹೊರುತ್ತದೆ ಎಂಬುದನ್ನು ಎಣಿಸಿ. 30 ಕೆ.ಜಿ. ಗ್ರಾನೈಟ್ ಕೆರೆಯ ತಳದಲ್ಲಿ 19 ಕೆ.ಜಿ. ಮಾತ್ರ. ಹತ್ತಿದವರೆಲ್ಲರಿಗೂ ಲೈಫ್ ಜಾಕೆಟ್ ಇರಲಿ. ಮನುಷ್ಯನ ದೇಹ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರವಾದ್ದರಿಂದ ತಲೆ ಮೇಲಿಡಲು ಐದಾರು ಕಿಲೋ ಮೇಲ್ನೂಕು ಸಾಕು, ಆದರೆ ಆ ಐದಾರು ಕಿಲೋ ಬೇಕೇ ಬೇಕು.

ನೆಲದಡಿಯ ದೋಣಿ

ಅಂಗಳದ ಸಂಪನ್ನು ಯಾರೂ ದೋಣಿ ಎಂದು ಎಣಿಸುವುದಿಲ್ಲ. ಮಳೆಗಾಲದಲ್ಲಿ ಅಂತರ್ಜಲ ನೆಲಮಟ್ಟಕ್ಕೆ ಏರುವ ಕರಾವಳಿ, ಮಲೆನಾಡು, ಕೆರೆಯ ಕೆಳಗಿನ ಬಡಾವಣೆಗಳಲ್ಲಿ ಅದು ದೋಣಿಯೇ. ಹೊರ ಅಳತೆ ಎಲ್ಲ ದಿಕ್ಕಿಗೂ 2 ಮೀಟರ್ ಇರುವ ಕಾಂಕ್ರೀಟ್ ಸಂಪು 8 ಘನಮೀಟರ್ ಜಾಗ ಹಿಡಿದಿದೆ. ಸುತ್ತಲ ಮಣ್ಣು ನೀರಿನಿಂದ ತುಂಬಿದಾಗ ಮೇಲ್ನೂಕು 8 ಟನ್. ಗೋಡೆ, ತಳ, ಮುಚ್ಚಳ ಎಲ್ಲ 15 ಸೆಂ.ಮೀ. ದಪ್ಪವಾದರೆ ಕಾಂಕ್ರೀಟು ಸುಮಾರು 3.1 ಘನಮೀಟರ್, ತೂಕ ಸುಮಾರು 7.4 ಟನ್. ಖಾಲಿ ಇದ್ದರೆ ಇನ್ನೂ 600 ಕೆ.ಜಿ. ಸಾಲದು. ಸುತ್ತಲ ಮಣ್ಣಿನ ಹಿಡಿತವೊಂದೇ ಅದನ್ನು ತಡೆಯಬೇಕು, ನೆನೆದ ಮಣ್ಣಿನ ಹಿಡಿತವನ್ನು ನೆಚ್ಚುವಂತಿಲ್ಲ. ತಡೆಯದಿದ್ದರೆ ಸಂಪು ಕೆಲವು ಸೆಂ.ಮೀ. ಎದ್ದು ಪೈಪುಗಳನ್ನು ಮುರಿಯುತ್ತದೆ, ಅಥವಾ ತಳವೇ ಬಿರುಕು ಬಿಡುತ್ತದೆ.

ಒಳಗೆ 21 ಸೆಂ.ಮೀ. ನೀರಿದ್ದರೆ ಆ 600 ಕಿಲೋ ತುಂಬಿಬರುತ್ತದೆ. ಅರ್ಧ ಮೀಟರ್ ಇಟ್ಟರೆ ನೆಮ್ಮದಿ. ಆದ್ದರಿಂದ ಸಂಪು ತೊಳೆಯುವ ಕೆಲಸ ಬೇಸಿಗೆಯಲ್ಲೇ ಮುಗಿಯಲಿ. ಜುಲೈಯಲ್ಲಿ ತೊಳೆಯಲೇಬೇಕಾಗಿ ಬಂದರೆ ಹತ್ತಿರದ ತೆರೆದ ಬಾವಿಯಲ್ಲಿ ನೀರು ಎಷ್ಟು ಕೆಳಗಿದೆ ನೋಡಿ. ಸಂಪಿನ ತಳಕ್ಕಿಂತ ಮೇಲಿದ್ದರೆ ಪೂರ್ತಿ ಬರಿದು ಮಾಡಬೇಡಿ.

ಹೂಳುವ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಈ ಕಷ್ಟ ಇನ್ನೂ ದೊಡ್ಡದು. 1000 ಲೀಟರ್ ಟ್ಯಾಂಕಿನ ಸ್ವಂತ ತೂಕ 30 ಕೆ.ಜಿ. ಎಂದಿಟ್ಟುಕೊಂಡರೆ 970 ಕೆ.ಜಿ. ಮೇಲ್ನೂಕನ್ನು ಕಾಂಕ್ರೀಟ್ ಹಾಸಿಗೆಯೇ ತಡೆಯಬೇಕು. ಇಲ್ಲಿ ಮೇಸ್ತ್ರಿಗಳು ಎಡವುವುದು ಒಂದೇ ಕಡೆ: ಘನಮೀಟರ್ ಕಾಂಕ್ರೀಟಿಗೆ 2.4 ಟನ್ ಎಂದು ಎಣಿಸುತ್ತಾರೆ. ನೀರಿನಡಿ ಆ ಕಾಂಕ್ರೀಟಿಗೂ ಒಂದು ಟನ್ ಮೇಲ್ನೂಕು ಇದೆ, ಕೈಗೆ ಸಿಗುವುದು 1.4 ಟನ್ ಮಾತ್ರ. ಹಾಗಾಗಿ 0.4 ಘನಮೀಟರ್ ಸಾಲದು, 0.7 ಬೇಕು, ಟ್ಯಾಂಕನ್ನು ಅದಕ್ಕೆ ತುಕ್ಕು ಹಿಡಿಯದ ಪಟ್ಟಿಗಳಿಂದ ಬಿಗಿಯಬೇಕು. ಸುತ್ತ ಮಣ್ಣು ತುಂಬುವ ದಿನ ಟ್ಯಾಂಕಿನೊಳಗೂ ಮಣ್ಣಿನ ಮಟ್ಟಕ್ಕೆ ಸಮನಾಗಿ ನೀರು ಏರಿಸುತ್ತ ಬನ್ನಿ. ಆಗ ಆ ಸಂಜೆಯೇ ಜೋರು ಮಳೆ ಬಂದು ಗುಂಡಿ ತುಂಬಿದರೂ ಟ್ಯಾಂಕು ಇಟ್ಟಲ್ಲೇ ಇರುತ್ತದೆ.